ನೀರು ಮುಟ್ಟದ ಕಾಪು

ಹೋದ ವಾರ ಕಡಯಂಪಟ್ಟಿ ಕಡೆಯ ಇಬ್ಬರು ಹುಡುಗರು ನನ್ನನ್ನು ಹುಡುಕಿಕೊಂಡು ಮೇಚೇರಿಗೆ ಬಂದಿದ್ದರು. ಸಮುದ್ರದ ದಂಡೆಯ ಅಣು ಕರೆಂಟಿನ ಸ್ಥಾವರದಲ್ಲಿ, ಅದರ ಕಸ ಹೂಳುವ ಯಾರ್ಡಿನಲ್ಲಿ, ಅವರಿಗೆ ಕಾಂಟ್ರಾಕ್ಟ್ ಕೆಲಸ ಸಿಕ್ಕಿದೆ. ನಾನು ಅದೇ ಯಾರ್ಡಿನಲ್ಲಿ ದುಡಿದು ಮುದುಕನಾದವನು ಅಂತ ಯಾರೋ ಹೇಳಿದ್ದರಂತೆ.

"ಮಾಮ, ಅಲ್ಲಿಗೋದ್ರೆ ಮಕ್ಕಳಾಗಲ್ವಂತೆ, ನಿಜವಾ?" ಅಂತ ಒಬ್ಬ ಕೇಳಿದ. ಇನ್ನೊಬ್ಬ ಅವನ ತೊಡೆ ಚಿವುಟಿದ. ನಮ್ಮ ಮನೆಯ ಕಥೆ ಅವನ ಕಿವಿಗೆ ಬಿದ್ದಿತ್ತು ಅಂತ ಕಾಣುತ್ತದೆ.

"ನನಗೆ ಎರಡು ಮಕ್ಕಳು. ಎರಡೂ ನನಗಿಂತ ಎತ್ರ ಬೆಳದವೆ," ಅಂದೆ. ಕಾಪಿ ಕೊಟ್ಟು ಕಳಿಸಿದೆ. ಆದರೆ ಆ ಚಿವುಟಿದ್ದು ನನ್ನ ಮನಸ್ಸಿನಿಂದ ಹೋಗಲಿಲ್ಲ. ಅವತ್ತು ಬಾಯಿಗೆ ಬಾರದ್ದನ್ನು ಬರೆದಿಡೋಣ ಅಂತ ಕೂತಿದ್ದೇನೆ.

ನನ್ನ ಓದು ಐದನೇ ಕ್ಲಾಸಿಗೆ ನಿಂತಿತು. ಅದೂ ತಮಿಳು ಇಸ್ಕೂಲು. ಕನ್ನಡ ಅಕ್ಷರ ಕಲಿಸಿದ್ದು ನನ್ನ ಅವ್ವನ ಅಪ್ಪ, ಕಣದ ಮಣ್ಣಿನ ಮೇಲೆ ನನ್ನ ಬೆರಳು ಹಿಡಿದು. ಅಕ್ಷರದಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ. ಕೆಲಸದಲ್ಲಿ ನನ್ನನ್ನು ತಿದ್ದಿದವರು ಕಡಿಮೆ.

ನಮ್ಮದು ಬೇಸಾಯದ ಮನೆ, ಆದರೆ ನಮ್ಮ ಹೊಟ್ಟೆ ತುಂಬಿಸಿದ್ದು ಊರವರ ಬಾವಿ. ಅಪ್ಪನ ಕಾಲದಿಂದ ಬಾವಿ ತೋಡುವವರು ನಾವು. ಮೇಚೇರಿಯಿಂದ ಕಾರಿಮಂಗಲದ ತನಕ ನಾವು ಇಳಿದ ಬಾವಿಗಳು ಇವತ್ತೂ ಇವೆ. ಆಮೇಲೆ ಬೋರ್‌ವೆಲ್ ಲಾರಿಗಳು ಬಂದವು. ನಾವು ಎರಡು ಬೇಸಿಗೆಯಲ್ಲಿ ತೋಡುವುದನ್ನು ಅವು ಒಂದು ಹಗಲಲ್ಲಿ ಕೊರೆದು, ಧೂಳು ಎಬ್ಬಿಸಿ ಹೊರಟುಹೋಗುತ್ತಿದ್ದವು. ನಮ್ಮನ್ನು ಕರೆಯುವವರು ಇಲ್ಲವಾದರು. ಅಂಥ ಹೊತ್ತಿನಲ್ಲಿ, ತೊಂಬತ್ತರ ದಶಕದ ಶುರುವಿನಲ್ಲಿ, ಸೇಲಂ ಕಡೆಯ ಒಬ್ಬ ಕಾಂಟ್ರಾಕ್ಟರ್ ಮೇಚೇರಿ ಸಂತೆಗೆ ಬಂದ. ಜನ ಕುರಿ ನೋಡುವ ಜಾಗದಲ್ಲಿ ಅವನು ಆಳು ನೋಡಿದ. "ಗುಂಡಿ ತೋಡಬೇಕು, ಕಾಂಕ್ರೀಟ್ ಹಾಕಬೇಕು. ಆಳಕ್ಕೆ ಇಳಿಯೋಕೆ ಅಂಜದವರು ಬೇಕು," ಅಂದ. ನಾನು ಹೋದೆ. ನನ್ನ ತಂಗಿ ರುಕ್ಕುವಿನ ಗಂಡ ಮಾದೇವನೂ ಬಂದ. ಜೊತೆಗೆ ಇನ್ನಷ್ಟು ಜನ ಬಾವಿಯವರು.

ಮೊದಲ ದಿನ ಎಂಜಿನಿಯರ್ ನಮ್ಮನ್ನು ಗೆರೆ ಹಾಕಿದ ಜಾಗದಲ್ಲಿ ನಿಲ್ಲಿಸಿ ತಮಿಳಿನಲ್ಲಿ ಹೇಳಿದರು: ಇಲ್ಲಿ ತೋಡುವ ಗುಂಡಿಯಲ್ಲಿ ಕಸ ಇಡುತ್ತೇವೆ, ಸುತ್ತ ಕಾಂಕ್ರೀಟ್, ಮೇಲೆ ಕಾಂಕ್ರೀಟ್, ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ಬಂದರೂ ಇದರೊಳಗೆ ಒಂದು ಹನಿ ನೀರು ಹೋಗಿರಬಾರದು.

ಮಾದೇವ ನನ್ನ ಕಿವಿಯಲ್ಲಿ, "ಏನ್ ಬಾವ, ಇಷ್ಟು ದಿನ ನೀರು ಬರ್ಲಿಲ್ಲ ಅಂತ ಬೈಸ್ಕೊಂಡ್ವು. ಇನ್ಮೇಲೆ ಬಂದ್ರೆ ಬೈತಾರಾ?" ಅಂದ. ನಾನು ನಕ್ಕುಬಿಟ್ಟೆ. ಎಂಜಿನಿಯರ್ ನನ್ನನ್ನೇ ನೋಡಿದರು. ಮಾದೇವ ಕಲ್ಲಿನ ಹಾಗೆ ನಿಂತಿದ್ದ. ಅವನು ಯಾವತ್ತೂ ಹಾಗೇ, ಬೇರೆಯವರನ್ನು ನಗಿಸಿ ತಾನು ತಪ್ಪಿಸಿಕೊಳ್ಳುವವನು.

ಅಣು ಕಸ ಅಂದರೆ ಹಸಿರು ಬಣ್ಣದಲ್ಲಿ ಹೊಳೆಯುವ ಏನೋ ಅಂತ ಜನ ಅಂದುಕೊಂಡಿದ್ದಾರೆ. ನಾವು ಕಂಡದ್ದು ಮುಕ್ಕಾಲು ಪಾಲು ರಬ್ಬರ್ ಗ್ಲೌಸು, ನೆಲ ಒರೆಸಿದ ಬಟ್ಟೆ, ಕಾಗದ, ಹಳೇ ಪೈಪು, ಬೋಲ್ಟು. ಅವನ್ನು ಹಳದಿ ಚೀಲದಲ್ಲಿ ಕಟ್ಟಿ ತರುತ್ತಿದ್ದರು. ಡ್ರಮ್ಮಿಗೆ ತುಂಬಿ, ಸಿಮೆಂಟು ಸುರಿದು, ಅದು ಗಟ್ಟಿಯಾದ ಮೇಲೆ ಕ್ರೇನಿನಲ್ಲಿ ಗುಂಡಿಗೆ ಇಳಿಸುವುದು ನಮ್ಮ ಕೆಲಸ. ನಿಜವಾಗಿ ಕೆಟ್ಟದ್ದು ಬೇರೆ ಕಡೆ, ದಪ್ಪ ಗೋಡೆಗಳ ಹಿಂದೆ ಇರುತ್ತಿತ್ತು. ನಮ್ಮಂಥವರು ಅದನ್ನು ನೋಡಲಿಲ್ಲ.

ಕೆಲಸಕ್ಕಿಂತ ಅದರ ಕಟ್ಟುಪಾಡು ಕಷ್ಟ. ಒಳಗೆ ಹೋಗುವ ಮೊದಲು ನಿಮ್ಮ ಬಟ್ಟೆ ಬಿಚ್ಚಿ ಅವರ ಬಟ್ಟೆ ಹಾಕಬೇಕು. ಎದೆಗೆ ಬ್ಯಾಡ್ಜು, ಮೈಗೆ ಎಷ್ಟು ವಿಕಿರಣ ಬಿತ್ತು ಅಂತ ಲೆಕ್ಕ ಇಡುವಂಥದ್ದು. ಉಂಗುರ, ಕಡಗ, ದಾರ ಏನೂ ಇರಬಾರದು. ಬರುವಾಗ ಹಳದಿ ಗೆರೆಯ ಹತ್ತಿರ ಒಂದು ಯಂತ್ರ ಇರುತ್ತದೆ. ಕೈ ಕಾಲು ಇಟ್ಟರೆ ಏನಾದರೂ ಅಂಟಿದ್ದರೆ ಕೂಗುತ್ತದೆ. ಆ ಅಂಟಿದ್ದಕ್ಕೆ ನಾವು 'ಆಕ್ಟಿವಿಟಿ' ಅನ್ನುತ್ತಿದ್ದೆವು. ಕೂಗಿದರೆ ತೊಳೆಯಬೇಕು, ಮತ್ತೆ ಇಡಬೇಕು, ಮತ್ತೆ ತೊಳೆಯಬೇಕು. ಗೆರೆ ದಾಟಲು ಬಿಡುವವರು ವಿಕಿರಣ ಅಳೆಯುವ ವಿಭಾಗದ ಥಾಮಸ್ ಸಾರ್. ಅವರ ಕೈಯಲ್ಲಿ ಯಾವಾಗಲೂ ಒಂದು ಮೀಟರು. ಅದು ಕಡಲೆ ಹುರಿದ ಹಾಗೆ ಸದ್ದು ಮಾಡುತ್ತಿತ್ತು.

ನಮ್ಮವರು ಮಾಡಿದ ತಪ್ಪುಗಳು ನಮ್ಮಂಥವರೇ ಮಾಡುವಂಥವು. ಬಾವಿ ಕೆಲಸದಲ್ಲಿ ಹಗ್ಗಕ್ಕಿಂತ ದೊಡ್ಡದಿಲ್ಲ. ಒಂದು ದಿನ ಹಳದಿ ಚೀಲದಿಂದ ಒಳ್ಳೇ ನೈಲಾನ್ ಹಗ್ಗ ಹೊರಗೆ ಇಣುಕುತ್ತಿತ್ತು. ನಮ್ಮ ಗುಂಪಿನ ಒಬ್ಬ ಅದನ್ನು ಎಳೆದು, ಚಂದವಾಗಿ ಸುತ್ತಿ, ಪಕ್ಕಕ್ಕೆ ಇಟ್ಟುಬಿಟ್ಟ. ಥಾಮಸ್ ಸಾರ್ ಮೀಟರು ಹಿಡಿದರೆ ಕಡಲೆ ಅಲ್ಲ, ಪಟಾಕಿ ಸದ್ದು. ಅವನ ಕೈ ಉಜ್ಜಿ ಉಜ್ಜಿ ಕೆಂಪಾಯಿತು. "ಇಷ್ಟು ಗಟ್ಟಿ ಹಗ್ಗ ಹೂಳ್ತೀರಲ್ಲ ಸಾರ್, ಪಾಪ ಬರಲ್ವಾ?" ಅಂತ ಅವನು ಅಳು ಮೋರೆ ಮಾಡಿ ಕೇಳಿದ. ಸಾರ್‌ಗೆ ಬೈಯುವುದೋ ನಗುವುದೋ ಗೊತ್ತಾಗಲಿಲ್ಲ.

ಇನ್ನೊಂದು, ಕೆಲಸ ಅರ್ಧಕ್ಕೆ ಬಿಡುವುದು. ವಿಕಿರಣ ಜಾಸ್ತಿ ಇರುವ ಕೆಲವು ಜಾಗದಲ್ಲಿ ಸ್ವಲ್ಪ ಹೊತ್ತು ಮಾತ್ರ ನಿಲ್ಲಬಹುದು. ಸೀಟಿ ಊದಿದರೆ ಕೈಯಲ್ಲಿದ್ದದ್ದು ಅಲ್ಲೇ ಬಿಟ್ಟು ಬರಬೇಕು, ಮುಂದಿನವನು ಹೋಗಿ ಮುಂದುವರಿಸುತ್ತಾನೆ. ಬಾವಿಯಲ್ಲಿ ಹಾಗೆ ಬಿಟ್ಟು ಮೇಲೆ ಬಂದವನನ್ನು ಮತ್ತೆ ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಮಾದೇವ ಸೀಟಿ ಕೇಳಿದರೂ, "ಇನ್ನೊಂದೇ ಬೋಲ್ಟು," ಅಂತ ಒಳಗೇ ಇರುತ್ತಿದ್ದ. "ಏಯ್ ಮೇಚೇರಿ! ವೆಳಿಯ ವಾ!" ಅಂತ ಹೊರಗೆ ಕರೆಯುತ್ತಾ ಥಾಮಸ್ ಸಾರ್ ಗಂಟಲು ಹರಿದುಕೊಳ್ಳುತ್ತಿದ್ದರು. ಹೊರಗೆ ಬಂದವನಿಗೆ ಹೇಳಿದರು: "ನೀನು ಮಾಡುವ ಒಳ್ಳೇ ಕೆಲಸ ನನಗೆ ಬೇಡಪ್ಪಾ. ನೀನು ಬೇಕು." ಹುಡುಗರೇ, ನಿಮಗೆ ಅಂಥ ಮೇಲಧಿಕಾರಿ ಸಿಕ್ಕರೆ ಅವರ ಮಾತು ಕೇಳಿ. ಎಲ್ಲರೂ ಹಾಗಿರುವುದಿಲ್ಲ. ಕಾಂಟ್ರಾಕ್ಟರ್‌ಗೆ ನಾವು ತಲೆ ಲೆಕ್ಕ ಮಾತ್ರ.

ಊರಿಗೆ ಬಂದಾಗ ಟೀ ಅಂಗಡಿಯಲ್ಲಿ ನನ್ನನ್ನು ಸುತ್ತಿಕೊಳ್ಳುತ್ತಿದ್ದರು. "ಅಣು ಕರೆಂಟು ಬೇಕಾ ಬೇಡ್ವಾ, ನೀನೇ ಹೇಳು." ಒಬ್ಬ, "ಅದ್ರಿಂದ ಊರೇ ಸುಟ್ಟೋಗ್ತದೆ," ಅನ್ನುವನು. ಇನ್ನೊಬ್ಬ, "ನಿನ್ ಕರೆಂಟು ಎಲ್ಲಿಗೋಗ್ತದಪ್ಪ? ನಮ್ಮ ಮೋಟಾರಿಗಂತೂ ಹಗಲೊತ್ತು ಬರ್ತಿಲ್ಲ," ಅನ್ನುವನು. ಮೇಟ್ಟೂರು ಕಡೆ ಕಲ್ಲಿದ್ದಲು ಸುಟ್ಟ ಬೂದಿ ಒಗೆದು ಹಾಕಿದ ಬಟ್ಟೆಯ ಮೇಲೆ ಕೂರುವುದನ್ನು ನಾನು ತೋರಿಸುತ್ತಿದ್ದೆ: "ಈ ಬೂದಿ ಎಲ್ಲರ ಮೂಗಿಗೂ ಓಗ್ತದೆ. ನಮ್ಮದನ್ನ ನಾವು ಕಟ್ಟಿ ಇಡ್ತೀವಿ." ಆಗ ನನಗೆ ಆ ಮಾತಿನ ಮೇಲೆ ಹೆಮ್ಮೆ ಇತ್ತು. ಈಗಲೂ ಅದು ಸುಳ್ಳಲ್ಲ. ಆದರೆ ಕಟ್ಟಿ ಇಟ್ಟದ್ದನ್ನು ಕಾಯಬೇಕು, ಕಾಯುವವನು ಸತ್ತರೆ ಇನ್ನೊಬ್ಬ ಕಾಯಬೇಕು. ಅದಕ್ಕೆ ಕೊನೆ ಇಲ್ಲ. ಆ ಭಾಗವನ್ನು ನಾನು ಟೀ ಅಂಗಡಿಯಲ್ಲಿ ಹೇಳುತ್ತಿರಲಿಲ್ಲ.

ಈಗ ಮಾದೇವನ ಕಾಪಿನ ವಿಷಯ.

ರುಕ್ಕುವಿಗೆ ಮದುವೆಯಾಗಿ ಬಹಳ ಕಾಲ ಮಕ್ಕಳಿರಲಿಲ್ಲ. ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು. ಒಂದು ನಾವು ಯಾರ್ಡಿಗೆ ಸೇರುವ ಮೊದಲು, ಒಂದು ಸೇರಿದ ಮೇಲೆ. ಮೂರನೇ ಸಲ ಆರು ತಿಂಗಳು ದಾಟಿತು. ಮಾದೇವ ಊರಮ್ಮನಿಗೆ ಬೆಂಕಿ ಚಟ್ಟಿ, ಅಂದರೆ ಕೆಂಡ ತುಂಬಿದ ಮಡಕೆ, ಹೊರುತ್ತೇನೆ ಅಂತ ಹರಕೆ ಹೊತ್ತ. ನಮ್ಮಲ್ಲಿ ಹರಕೆಯವರಿಗೆ ಕೈಗೆ ಅರಿಶಿನದ ದಾರ ಕಟ್ಟುತ್ತಾರೆ, ಅದೇ ಕಾಪು. ಪೂಜಾರಿ ಕಟ್ಟುತ್ತಾನೆ, ಆದರೆ ದಾರವನ್ನು ಹೊಸೆಯುವುದು ಆ ಮನೆಯ ಹೆಂಗಸು, ತನ್ನ ತೊಡೆಯ ಮೇಲೆ. ಕಟ್ಟಿದ ಮೇಲೆ ಊರ ಎಲ್ಲೆ ದಾಟುವಂತಿಲ್ಲ. ಚಟ್ಟಿ ಹೊತ್ತು ಮುಗಿದ ಮೇಲೆ ಕಾವೇರಿಗೆ ಹೋಗಿ ಬಿಚ್ಚಿ ನೀರಿಗೆ ಬಿಡಬೇಕು. ದಾರ ನೀರಿಗೆ ಹೋದರೇ ಹರಕೆ ಮುಗಿದ ಹಾಗೆ.

ಕಾಪು ಕಟ್ಟಿದ ಮಾರನೇ ದಿನ ಕಾಂಟ್ರಾಕ್ಟರ್ ಊರಿನ ದಿನಸಿ ಅಂಗಡಿಗೆ ಫೋನ್ ಮಾಡಿದ. ಸ್ಥಾವರ ನಿಲ್ಲಿಸಿ ರಿಪೇರಿ ಮಾಡುವ ಕಾಲ, ಆಳು ಸಾಲದು, ಬಾರದಿದ್ದರೆ ಗೇಟ್ ಪಾಸು ಇನ್ನಿಲ್ಲ. ನಾನು ಯಾರ್ಡಿನಲ್ಲೇ ಇದ್ದೆ. ಊರಲ್ಲಿ ನಡೆದದ್ದನ್ನು ಆಮೇಲೆ ರುಕ್ಕು ಹೇಳಿದಳು.

"ಎಲ್ಲೆ ದಾಟಬೇಡ," ಅಂದಳಂತೆ ಇವಳು.

"ಎಲ್ಲೆ ನನ್ ಜೊತೇಲೇ ಬರ್ತದೆ ಬುಡು," ಅಂದು ಅವನು ಊರ ಮಣ್ಣು ಒಂದು ಹಿಡಿ ಟವಲಿನ ತುದಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿದನಂತೆ.

ಮಣ್ಣನ್ನು ಬಟ್ಟೆ ಬದಲಿಸುವ ಕೋಣೆಯ ಪೆಟ್ಟಿಗೆಯಲ್ಲಿ ಇಟ್ಟ. ಕಾಪನ್ನು ಮೊಣಕೈಯ ಹತ್ತಿರಕ್ಕೆ ಸರಿಸಿ ತೋಳಿನ ಬಟ್ಟೆಯೊಳಗೆ ಅಡಗಿಸಿದ. ಯಾರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಒಳಗೆ ಹಳೇ ಪೈಪು ಬಿಚ್ಚುವಾಗ ಗ್ಲೌಸು ಮಣಿಕಟ್ಟಿನ ಹತ್ತಿರ ಹರಿಯಿತು. ಪೈಪಿನಲ್ಲಿ ನಿಂತಿದ್ದ ನೀರು ತೋಳಿನೊಳಕ್ಕೆ ಇಳಿಯಿತು. ಅವನು ಬೋಲ್ಟು ಮುಗಿಸಿಯೇ ಹೊರಗೆ ಬಂದ.

ಯಂತ್ರ ಕೂಗಿತು. ತೊಳೆದರು. ಚರ್ಮ ಬೇಗ ಕ್ಲೀನ್ ಆಯಿತು. ದಾರ ಆಗಲಿಲ್ಲ. ಅರಿಶಿನ ಮೆತ್ತಿದ ಹತ್ತಿ ದಾರ ಆ ನೀರನ್ನು ಕುಡಿದುಬಿಟ್ಟಿತ್ತು. ಥಾಮಸ್ ಸಾರ್ ಸೋಪು ಬದಲಿಸಿ ನೋಡಿದರು, ಏನೇನೋ ಪುಡಿ ಹಾಕಿ ನೋಡಿದರು. ಮೀಟರು ಹತ್ತಿರ ತಂದರೆ ಮತ್ತೆ ಅದೇ ಸದ್ದು. ಕೊನೆಗೆ ಕತ್ತರಿ ತಂದರು.

ಮಾದೇವ ಕೈ ಹಿಂದಕ್ಕೆ ಕಟ್ಟಿಕೊಂಡು ಹಳದಿ ಗೆರೆಯ ಒಳಗಡೆಯ ಬೆಂಚಿನ ಮೇಲೆ ಕೂತುಬಿಟ್ಟ. ದಾರ ಇಟ್ಟುಕೊಂಡು ಗೆರೆ ದಾಟುವಂತಿಲ್ಲ. ದಾರ ಬಿಟ್ಟು ಅವನು ದಾಟುವುದಿಲ್ಲ. ಶಿಫ್ಟು ಬದಲಾಯಿತು, ಬೇರೆಯವರು ಅವನ ಪಕ್ಕದಲ್ಲೇ ತೊಳೆದುಕೊಂಡು ಮನೆಗೆ ಹೋದರು. ಥಾಮಸ್ ಸಾರ್ ಹೋಗಲಿಲ್ಲ. ಸೆಕ್ಯೂರಿಟಿಯವರನ್ನೂ ಕರೆಯಲಿಲ್ಲ. ನನ್ನನ್ನು ಕರೆಸಿದರು.

ನಾನು ಅವರ ಬಟ್ಟೆ ಹಾಕಿಕೊಂಡು ಹೋಗಿ ಅವನ ಎದುರು ನಿಂತೆ.

"ಏನ್ಲಾ ಇದು?"

"ನೀನೂ ಅವರ ಕಡೇನಾ ಬಾವ?"

"ಕಡೆ ಎಂಥದು. ಆಕ್ಟಿವಿಟಿ ಅಂಟೈತೆ. ಇದನ್ನ ಕಟ್ಕೊಂಡು ರುಕ್ಕು ಪಕ್ಕದಲ್ಲಿ ಮಲಗ್ತೀಯಾ?"

ಅವನು ತೋಳು ಮುಂದೆ ತಂದು ದಾರ ನೋಡಿಕೊಂಡು, "ಅವಳು ಹೊಸೆದದ್ದು ಇದು. ಕತ್ತರಿಸಿದ್ರೆ ಏನಾಗ್ತದೆ ಅಂತ ನಿನಗೂ ಗೊತ್ತು," ಅಂದ.

"ಬಿಚ್ಚೋಣ. ಕತ್ತರಿಸೋದು ಬೇಡ."

ಗ್ಲೌಸು ಹಾಕಿದ ಕೈಯಲ್ಲಿ ಗಂಟಿಗೆ ಕೈ ಹಾಕಿದೆ. ಬಾವಿ ಹಗ್ಗದ ಎಂಥ ಗಂಟನ್ನೂ ಬಿಚ್ಚಿದವನು ನಾನು. ನೆನೆದ ಹತ್ತಿ ದಾರ ಬಿಗಿದುಕೊಂಡಿತ್ತು. ದಪ್ಪ ರಬ್ಬರಿನಲ್ಲಿ ಬೆರಳಿಗೆ ಗಂಟು ಸಿಗುತ್ತಲೇ ಇರಲಿಲ್ಲ. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳುವಂತಿಲ್ಲ. ಮಾದೇವ ನನ್ನ ಕೈ ನೋಡುತ್ತಿದ್ದವನು ಕೊನೆಗೆ ಮುಖ ತಿರುಗಿಸಿ, "ಸಾರ್ ಕತ್ತರಿಸೋದು ಬೇಡ. ನೀನೇ ಮಾಡು. ನೀನಾದ್ರೆ ಮನೆಯವನು," ಅಂದ.

ಥಾಮಸ್ ಸಾರ್ ಕತ್ತರಿಯನ್ನು ನನ್ನ ಕೈಗೆ ಕೊಟ್ಟರು. ನಾನು ಕತ್ತರಿಸಿದೆ. ಸರಿಯಾದದ್ದನ್ನೇ ಮಾಡಿದೆ. ಇವತ್ತು ಅದೇ ಜಾಗದಲ್ಲಿ ನಿಂತರೂ ಅದನ್ನೇ ಮಾಡುತ್ತೇನೆ.

"ಇದನ್ನ ನೀರಿಗೆ ಬುಡಬೇಕು ಸಾರ್," ಅಂದ ಮಾದೇವ.

"ನೀರಿಗೆ ಮಾತ್ರ ಆಗಲ್ಲಪ್ಪಾ," ಅಂದರು ಸಾರ್. ಅವರ ದನಿ ಸಣ್ಣಗಾಗಿತ್ತು. ದಾರ ಹಳದಿ ಚೀಲಕ್ಕೆ ಹೋಯಿತು. ಮಾರನೇ ದಿನ ಆ ಚೀಲ ಹೋದ ಡ್ರಮ್ಮಿಗೆ ಸಿಮೆಂಟು ಸುರಿದದ್ದು ನಾನೇ. ಎರಡು ದಿನದ ಮೇಲೆ ಅದನ್ನು ನಾವೇ ತೋಡಿದ ಗುಂಡಿಗೆ ಇಳಿಸಿದೆವು, ಪಡುವಣ ಮೂಲೆಗೆ.

ಮಾದೇವ ಊರ ಮಣ್ಣಿನ ಗಂಟು ತೆಗೆದುಕೊಂಡು ವಾಪಸ್ ಹೋದ. ಸೇಲಂ ಬಸ್ ಸ್ಟಾಂಡಿನ ಹೊರಗೆ ಹೂವಿನ ಅಂಗಡಿಯಲ್ಲಿ ದಾರ, ಅರಿಶಿನ ಕೊಂಡು ತಾನೇ ಕಟ್ಟಿಕೊಂಡನಂತೆ. ರುಕ್ಕು ಬಾಗಿಲಲ್ಲಿ ನೀರಿನ ಚೆಂಬು ಕೊಡುವಾಗಲೇ ನೋಡಿದಳು. ತಾನು ಹೊಸೆದ ದಾರ ಅವಳಿಗೆ ಗೊತ್ತಾಗುವುದಿಲ್ಲವೇ? ಆದರೂ ಕೇಳದೆ ಒಳಗೆ ಹೋದಳು. ಅವನು ಬೆಂಕಿ ಚಟ್ಟಿ ಹೊತ್ತ, ಅಂಗೈ ಸುಟ್ಟುಕೊಳ್ಳದೆ ಇಳಿಸಿದ. ಅಂಗಡಿಯ ದಾರವನ್ನು ಕಾವೇರಿಗೆ ಬಿಟ್ಟ. ಇವಳು ದಡದಲ್ಲಿ ನಿಂತು ಅದು ತೇಲಿಹೋಗುವುದನ್ನು ನೋಡಿದಳು.

ಮಗು ತಿಂಗಳು ತುಂಬಿಯೇ ಹುಟ್ಟಿತು. ಗಂಡು. ಅಳಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ, ಹೊಕ್ಕುಳ ಬಳ್ಳಿ ಕುತ್ತಿಗೆಗೆ ಸುತ್ತಿತ್ತು, ಇದು ಯಾರಿಗೆ ಬೇಕಾದರೂ ಆಗಬಹುದು ಅಂದರು. ಟೀ ಅಂಗಡಿಯವರು ಅಣು ಅಂದರು. ನನ್ನ ಅವ್ವ ಕಾಪು ಅಂದಳು. ನಾನು ಥಾಮಸ್ ಸಾರ್ ಹತ್ತಿರ ಹೋಗಿ ನೇರವಾಗಿ ಕೇಳಿದೆ. ಅವರು ಮಾದೇವನ ಬ್ಯಾಡ್ಜಿನ ಲೆಕ್ಕ ನೋಡಿ, "ಮಿತಿಯೊಳಗೇ ಇದೆ. ನಮಗೆ ತಿಳಿದ ಮಟ್ಟಿಗೆ ಇದರಿಂದ ಅಲ್ಲ," ಅಂದರು. ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ನಾನು ಅವರನ್ನು ನಂಬಿದೆ. ನಂಬಿದ್ದು ತಪ್ಪು ಅಂತ ಇವತ್ತಿನವರೆಗೂ ಗೊತ್ತಾಗಿಲ್ಲ. ಸರಿ ಅಂತಲೂ ಗೊತ್ತಾಗಿಲ್ಲ.

ಮಾದೇವ ಮತ್ತೆ ಯಾರ್ಡಿಗೆ ಬರಲಿಲ್ಲ. ಕುರಿ ಕಟ್ಟಿಕೊಂಡ. ಜನರನ್ನು ನಗಿಸುವುದನ್ನೂ ಬಿಟ್ಟ. ಅವರಿಗೆ ಮತ್ತೆ ಮಕ್ಕಳಾಗಲಿಲ್ಲ.

ಸೂತಕ ಕಳೆದ ಮೇಲೆ ನಾನು ನೋಡಲು ಹೋದಾಗ ರುಕ್ಕು ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸದೆ ಕೇಳಿದಳು: "ಅಣ್ಣ, ನಾನು ಹೊಸೆದ ದಾರ ಎಲ್ಲೈತೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಡ್ರಮ್ಮು, ಸಿಮೆಂಟು, ಗುಂಡಿ, ಮೇಲಿನ ಚಪ್ಪಡಿ ಎಲ್ಲ ಹೇಳಿದೆ. ಅದಕ್ಕೆ ಏನೂ ಆಗಲ್ಲವ್ವ, ಕಾವಲು ಐತೆ ಅಂದೆ.

"ನೀರು ಮುಟ್ಟಲ್ವಾ?"

"ಮುಟ್ಟಬಾರದು. ಅದಕ್ಕೇ ನಾವಿರೋದು."

"ಅಂಗಾದ್ರೆ ಹರಕೆ ಇನ್ನೂ ಮುಗಿದಿಲ್ಲ," ಅಂದು ಮತ್ತೆ ಕೇರಲು ಶುರುಮಾಡಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಮಾತು ಸಿಗುತ್ತಿತ್ತು.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಕಸವನ್ನು ಅಮುಕುವ ಯಂತ್ರ ಬಂತು, ಸಿಮೆಂಟು ಕಲಸುವುದಕ್ಕೆ ಯಂತ್ರ ಬಂತು. ಮನುಷ್ಯ ಹೋಗುತ್ತಿದ್ದ ಕಡೆ ಉದ್ದ ಕೈಯ ಸಲಕರಣೆ ಹೋಗುವ ಹಾಗಾಯಿತು. ಒಳ್ಳೆಯದೇ. ನನ್ನನ್ನು ಪರ್ಮನೆಂಟ್ ಮಾಡಿದರು. ಕೊನೆಯ ವರ್ಷಗಳಲ್ಲಿ ನನಗೆ ಸಿಕ್ಕಿದ್ದು ನೀರು ಸೇದುವ ಕೆಲಸ. ಗುಂಡಿಗಳ ಸುತ್ತ ಸಣ್ಣ ಸಣ್ಣ ಬೋರು ಕೊರೆದಿರುತ್ತಾರೆ. ಅವುಗಳಿಂದ ನೀರು ತೆಗೆದು ಬಾಟಲಿಗೆ ತುಂಬಿ ಲ್ಯಾಬಿಗೆ ಕೊಡಬೇಕು. ಒಳಗಿನದು ನೀರಿಗೆ ಬೆರೆತಿದೆಯೋ ಇಲ್ಲವೋ ಅಂತ ಅವರು ನೋಡುತ್ತಾರೆ. ಮಳೆಗಾಲದಲ್ಲಿ ಜಾಸ್ತಿ ಸಲ. ಬಾವಿಯವನಿಗೆ ಕೊನೆಗೂ ನೀರಿನ ಕೆಲಸವೇ ಸಿಕ್ಕಿತು ಅಂತ ನನಗೆ ಸಮಾಧಾನ.

ಒಂದೊಂದು ಸಲವೂ ಲ್ಯಾಬಿನಿಂದ ಕ್ಲೀನ್ ಅಂತಲೇ ಬಂತು. ನಾವು ಹಾಕಿದ ಕಾಂಕ್ರೀಟು ಅದು, ನನ್ನ ಕೈ ಕೆಲಸ. ಕ್ಲೀನ್ ಅಂತ ಕೇಳಿದಾಗ ಎದೆ ಉಬ್ಬುತ್ತಿತ್ತು. ಅದೇ ಗಳಿಗೆಯಲ್ಲಿ ಪಡುವಣ ಮೂಲೆ ನೆನಪಾಗುತ್ತಿತ್ತು.

ಪ್ರತಿ ವರ್ಷ ಹಬ್ಬ ಮುಗಿದು ಊರಿನವರು ಕಾಪು ಬಿಚ್ಚಲು ನದಿಗೆ ಹೋಗುವ ದಿನ ರುಕ್ಕು ನನ್ನ ಮನೆಗೆ ಬರುತ್ತಾಳೆ. ಕಾಪಿ ಕುಡಿಯುತ್ತಾಳೆ, ನನ್ನ ಮಕ್ಕಳ ವಿಷಯ ವಿಚಾರಿಸುತ್ತಾಳೆ. ಎದ್ದು ಹೊರಡುವಾಗ, "ಅಣ್ಣ, ನೀರು ಮುಟ್ತಾ?" ಅನ್ನುತ್ತಾಳೆ.

"ಇಲ್ಲ ಕಣವ್ವ," ಅನ್ನುತ್ತೇನೆ.

ಅಷ್ಟೇ. ಸೆರಗು ಸರಿಮಾಡಿಕೊಂಡು ಹೋಗುತ್ತಾಳೆ.

ಈ ವರ್ಷವೂ ಬಂದಳು. ನಾನು ರಿಟೈರ್ ಆದ ಮೇಲಿನ ಮೊದಲ ಹಬ್ಬ. ಅದೇ ಮಾತು ಕೇಳಿದಳು. "ಗೊತ್ತಿಲ್ಲ ರುಕ್ಕು. ನಾನೀಗ ಅಲ್ಲಿಲ್ವಲ್ಲ," ಅಂದೆ. ಅವಳು ಹೊಸಿಲಲ್ಲೇ ನಿಂತಳು. ಅಷ್ಟು ವರ್ಷ ಇಲ್ಲ ಅಂದಾಗ ತಡೆದುಕೊಂಡವಳ ಮುಖ ಗೊತ್ತಿಲ್ಲ ಅಂದದ್ದಕ್ಕೆ ಕುಸಿಯಿತು. "ಗೊತ್ತಿರೋರನ್ನ ಕೇಳಿ ಹೇಳು ಅಣ್ಣ," ಅಂದು ಹೋದಳು.

ಆದ್ದರಿಂದ ಹುಡುಗರೇ, ಅಲ್ಲಿಗೆ ಹೋದರೆ ಮಕ್ಕಳಾಗಲ್ವಾ ಅಂತ ಕೇಳಿದಿರಲ್ಲ, ಇಷ್ಟು ಹೇಳುತ್ತೇನೆ. ಸೀಟಿ ಊದಿದರೆ ಬಂದುಬಿಡಿ, ಬೋಲ್ಟು ಅಲ್ಲೇ ಇರಲಿ. ಗ್ಲೌಸು ಹರಿದರೆ ಮುಚ್ಚಿಡಬೇಡಿ. ಮೈ ಮೇಲೆ ಮನೆಯವರು ಕಟ್ಟಿದ ಏನಿದ್ದರೂ ಮನೆಯಲ್ಲೇ ಬಿಚ್ಚಿಟ್ಟು ಹೋಗಿ. ಬಿಚ್ಚುವಂತಿಲ್ಲ ಅನ್ನುವಂಥದ್ದಾದರೆ ಹೋಗಲೇಬೇಡಿ, ಗೇಟ್ ಪಾಸು ಹೋದರೆ ಹೋಗಲಿ. ನೀರು ಸೇದುವ ಕೆಲಸ ನಿಮಗೆ ಸಿಕ್ಕರೆ ಶ್ರದ್ಧೆಯಿಂದ ಮಾಡಿ, ಕ್ಲೀನ್ ಅಂತ ಬಂದರೆ ಸಂತೋಷಪಡಿ. ಅದಕ್ಕಾಗಿಯೇ ನಾವು ಆ ಗುಂಡಿ ತೋಡಿದ್ದು.

ಪಡುವಣ ಮೂಲೆಯ ಬೋರಿನ ನೀರು ಲ್ಯಾಬಿಗೆ ಹೋಗಿ ಬಂದ ದಿನ ನನಗೊಂದು ಫೋನ್ ಮಾಡಿ. ಇಲ್ಲ ಅಂತ ಅವಳಿಗೆ ನಾನೇ ಹೇಳಬೇಕು.